ಹೂಮಳೆಯ ಮೂರು ದಿನ, ತುಡುವೆಯ ಪಾಲು

ಆಲೂರು ತಾಲ್ಲೂಕಿನ ಕೆ. ಹೊಸಕೋಟೆ, ಅದರಾಚೆಗಿನ ಸಕಲೇಶಪುರದ ಗುಡ್ಡಗಳಲ್ಲಿ ಬೇಸಿಗೆಯ ಮೊದಲ ಹದಮಳೆಗೆ ಹೂಮಳೆ ಎಂದೇ ಹೆಸರು. ಅದು ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ತೋಟಗಳು ಬೆಳ್ಳಗಾಗುತ್ತವೆ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ದಿನ, ಅಷ್ಟೇ. ಆಮೇಲೆ ಹೂ ಕಂದುತ್ತದೆ. ಕಾಫಿಯೂ ಹಣ್ಣಿನ ಗಿಡವೇ ತಾನೇ? ವರ್ಷದ ಫಸಲು ನಿಲ್ಲುವುದೋ ಉದುರುವುದೋ ಬಹುಮಟ್ಟಿಗೆ ಆ ದಿನಗಳಲ್ಲೇ ತೀರ್ಮಾನವಾಗುತ್ತದೆ.

ಅರೇಬಿಕಾ ಗಿಡಕ್ಕೆ ತನ್ನದೇ ಪರಾಗ ಸಾಕು. ರೊಬಸ್ಟಾ ಹಾಗಲ್ಲ, ತನ್ನ ಪರಾಗವನ್ನು ಅದು ಒಪ್ಪುವುದಿಲ್ಲ. ಬೇರೆ ಗಿಡದ, ಅದೂ ಹೊಂದುವ ಗಿಡದ ಪರಾಗ ಬಂದರೆ ಮಾತ್ರ ಕಾಯಿ ಕಟ್ಟುತ್ತದೆ. ಗಾಳಿ ಒಂದಿಷ್ಟು ಒಯ್ಯುತ್ತದೆ; ಉಳಿದದ್ದು ತುಡುವೆ, ಹೆಜ್ಜೇನು, ಮಿಸರೆಗಳ ಪಾಲು. ಏಲಕ್ಕಿಗಂತೂ ಜೇನುಹುಳುವೇ ಮುಖ್ಯ ಆಧಾರ.

ಕಾಡಿನಲ್ಲಿ ನೂರು ಬಗೆಯ ಹೂ ಇರುವಾಗ ಜೇನು ಕಾಫಿ ಹೂವಿಗೇ ಏಕೆ ಬರಬೇಕು? ಒಂದು ಸುತ್ತಿನಲ್ಲಿ ಜೇನುಹುಳು ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಗ್ರೀಸಿನ ಅರಿಸ್ಟಾಟಲನೇ ಗಮನಿಸಿದ್ದ. ಒಳ್ಳೆಯ ಹೂ ಕಂಡ ಹುಳು ಗೂಡಿಗೆ ಮರಳಿ, ಎರಿಯ ಮೇಲೆ ಹೊಟ್ಟೆ ಅಲುಗಿಸುತ್ತ ಕುಣಿದು ದಿಕ್ಕನ್ನೂ ದೂರವನ್ನೂ ಸಂಗಾತಿಗಳಿಗೆ ತಿಳಿಸುತ್ತದೆ. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಸಿಂಹಳಕ್ಕೆ ಬಂದು ನಮ್ಮ ಭಾಗದ ಜೇನುಗಳನ್ನು ನೋಡಿದರು. ಕುಣಿತ ಒಂದೇ, ಅಳತೆ ಬೇರೆ! ಯೂರೋಪಿನ ಜೇನು ಅಷ್ಟೇ ಹೊತ್ತು ಕುಣಿದು ತೋರಿಸುವ ದೂರಕ್ಕಿಂತ ತುಡುವೆ ತೋರಿಸುವ ದೂರ ಕಡಿಮೆ. ತುಡುವೆ ಹತ್ತಿರದಲ್ಲೇ ಮೇಯುವ ಹುಳು, ಹೆಜ್ಜೇನು ದೂರ ಹೋಗುವಂಥದ್ದು. ಬೆಂಗಳೂರು ಮತ್ತು ಜರ್ಮನಿಯ ಸಂಶೋಧಕರು ದಕ್ಷಿಣ ಭಾರತದ ಜೇನುಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು.

ಅಂದರೆ ತುಡುವೆಯ ಗೂಡು ತೋಟದಲ್ಲೋ ತೋಟದ ಮಗ್ಗುಲಲ್ಲೋ ಇರಬೇಕು. ಅದು ಕಟ್ಟುವುದು ಮರದ ಪೊಟರೆಯಲ್ಲಿ, ಹುತ್ತದಲ್ಲಿ. ಪೊಟರೆ ಎಂದರೆ ಹಳೆಯ ಮರ. ಸಕಲೇಶಪುರ ಸೀಮೆಯನ್ನು ಮಂಜರಾಬಾದ್ ಎನ್ನುತ್ತಿದ್ದ ಕಾಲದಲ್ಲಿ, 1856ರಲ್ಲಿ, ಇಲ್ಲಿ ನೆಲೆಸಿದ ತೋಟಗಾರ ರಾಬರ್ಟ್ ಎಲಿಯಟ್ ಕಾಫಿಗೆ ನೆರಳು ಬೇಕೇ ಬೇಕು ಎಂದು ಪಟ್ಟುಹಿಡಿದು ಬರೆದವರು. ಅವರಿಗೆ ಚಿಂತೆಯಿದ್ದದ್ದು ಕಾಂಡಕೊರಕದ್ದು, ಬಿಸಿಲಿನದ್ದು. ಜೇನಿಗೂ ಮನೆ ಉಳಿದದ್ದು ಲೆಕ್ಕಕ್ಕೆ ಸಿಗದ ಲಾಭ.

ಲೆಕ್ಕಕ್ಕೆ ಸಿಗದಿರುವುದೇ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ತುಡುವೆಯ ಗಾತ್ರಕ್ಕೆ ಹೊಂದುವ ಪೆಟ್ಟಿಗೆ ರೂಪಿಸಿದರು. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಸಹಕಾರ ಸಂಘ ಹುಟ್ಟಿತು, ಕೊಡಗಿನ ಜೇನು ಹೆಸರಾಯಿತು. ಆದರೆ ಅಳೆದದ್ದೆಲ್ಲ ತುಪ್ಪ. ಕಾಯಿ ಕಟ್ಟಿದ್ದನ್ನು ಅಳೆದವರು ವಿರಳ. ಅಮೆರಿಕದ ವರ್ಜೀನಿಯಾದಲ್ಲಿ ಒಂದೇ ತಳಿಯ ಪೇರು ತೋಟಗಳು ಹೂ ಬಿಟ್ಟೂ ಸರಿಯಾಗಿ ಫಲ ಕೊಡದಿದ್ದಾಗ, ಮೆರ್ಟನ್ ವೇಟ್ ಎಂಬ ವಿಜ್ಞಾನಿ 1890ರ ದಶಕದಲ್ಲೇ ಹೂಗಳಿಗೆ ಚೀಲ ಕಟ್ಟಿ ನೋಡಿ, ಬೇರೆ ತಳಿಯ ಪರಾಗವೂ ಅದನ್ನು ತರುವ ಹುಳುಗಳೂ ಬೇಕೆಂದು ತೋರಿಸಿದ್ದರು. ಅದು ನಮ್ಮ ಮಲೆನಾಡಿನ ರೊಬಸ್ಟಾಕ್ಕೂ ಸಲ್ಲುವ ಮಾತು.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಕಂಡ ರೋಗ ಇದು. ಮರಿಹುಳು ನೀರು ತುಂಬಿದ ಚೀಲದಂತೆ ಊದಿ ಕೋಶದಲ್ಲೇ ಸಾಯುತ್ತದೆ. ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಪೆಟ್ಟಿಗೆಗಳು ಖಾಲಿಯಾಗಿ ಅಟ್ಟ ಸೇರಿದವು. ಜೇನುತುಪ್ಪ ಸಿಗದೆ ಹೋದದ್ದು ಎಲ್ಲರಿಗೂ ಗೊತ್ತಾಯಿತು. ಹೂವಿನ ಮೇಲೆ ಹುಳು ಕಡಿಮೆಯಾದ್ದರಿಂದ ಎಷ್ಟು ಫಸಲು ಹೋಯಿತು ಎಂಬ ಕಲಮು ಯಾವ ತೋಟದ ಪುಸ್ತಕದಲ್ಲಿ ಇದ್ದೀತು? ರೋಗ ತಾಳಿಕೊಂಡ ಕುಟುಂಬಗಳಿಂದ ತುಡುವೆ ನಿಧಾನವಾಗಿ ಚೇತರಿಸಿಕೊಂಡಿತು. ಕಾಡಿನ ಪೊಟರೆಗಳೇ ಬೀಜದ ಕಣಜವಾದವು ಎಂದರೂ ತಪ್ಪಲ್ಲ.

ಈಗ ಅನೇಕ ತೋಟಗಳಲ್ಲಿ ನಾಡಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರಬಹುದು. ಬೆಳೆಗಾರರನ್ನು ದೂರುವಂತಿಲ್ಲ. ಆದರೆ ನೆಟ್ಟಗೆ ಬೆಳೆದ ಎಳೆಯ ಮರದಲ್ಲಿ ಪೊಟರೆ ಎಲ್ಲಿಂದ ಬರಬೇಕು? ಸ್ಪ್ರಿಂಕ್ಲರ್ ಇರುವವರು ಮಳೆಗೆ ಕಾಯದೆ ನೀರು ಹಾಯಿಸುವುದರಿಂದ ಒಂದೊಂದು ತೋಟ ಒಂದೊಂದು ದಿನ ಅರಳುತ್ತದೆ. ಜೇನಿಗೆ ಹಬ್ಬ ತುಸು ಉದ್ದವಾಗುತ್ತದೆ. ಹೂವಿನ ಕಾಲ ಮುಗಿದು ಜೂನ್ ಮಳೆ ಹಿಡಿದರೆ ದಿನಗಟ್ಟಲೆ ಹುಳು ಹೊರಗೆ ಹಾರುವಂತಿಲ್ಲ. ಪೆಟ್ಟಿಗೆ ಇಟ್ಟವರು ಆಗ ಸಕ್ಕರೆ ಪಾಕ ಕೊಡುತ್ತಾರೆ. ಪೊಟರೆಯ ಕುಟುಂಬ ಎರಿಯಲ್ಲಿ ಕೂಡಿಟ್ಟ ತುಪ್ಪದಲ್ಲೇ ಮಳೆಗಾಲ ಕಳೆಯಬೇಕು.