ಕ್ರಿ. ಶ. 1815: ಒಂದು ವರ್ಷದ ಲೆಕ್ಕ

ಇತಿಹಾಸವನ್ನು ನಾವು ಸಾಮಾನ್ಯವಾಗಿ ದೇಶದೇಶಗಳನ್ನಾಗಿ ವಿಂಗಡಿಸಿ ಪಾಠ ಹೇಳುತ್ತೇವೆ. ಇಂಗ್ಲೆಂಡಿನ ಚರಿತ್ರೆ ಒಂದು ಕಡೆ, ಯುರೋಪಿನದು ಇನ್ನೊಂದು ಕಡೆ, ಭರತಖಂಡದ್ದು ಮತ್ತೊಂದು ಕಡೆ. ಇದು ಪಾಠದ ಸೌಕರ್ಯಕ್ಕಾಗಿ ಮಾಡಿಕೊಂಡ ಏರ್ಪಾಡೇ ಹೊರತು ಕಾಲಪುರುಷನು ಹೀಗೆ ಗೋಡೆ ಕಟ್ಟಿಕೊಂಡು ನಡೆದವನಲ್ಲ. ಆದುದರಿಂದ ಯಾವುದಾದರೊಂದು ವರ್ಷವನ್ನು ಹಿಡಿದು, ಆ ಹನ್ನೆರಡು ತಿಂಗಳಲ್ಲಿ ಜಗತ್ತಿನ ನಾನಾ ಭಾಗಗಳಲ್ಲಿ ಏನೇನು ಜರುಗಿತೆಂದು ನೋಡುವ ಅಭ್ಯಾಸವು ಅಧ್ಯಾಪಕರಿಗೆ ಉಪಯುಕ್ತವೆಂದು ನಾವು ಭಾವಿಸುತ್ತೇವೆ. ಇಲ್ಲಿ 1815ನೆಯ ಇಸವಿಯನ್ನು ಆರಿಸಿಕೊಂಡಿದ್ದೇವೆ. ವಾಟರ್ಲೂ ಕದನದ ವರ್ಷವೆಂದು ಅದನ್ನು ಅರಿಯದ ವಿದ್ಯಾರ್ಥಿ ವಿರಳ. ಆದರೆ ಆ ವರ್ಷದ ಅತ್ಯಂತ ದೊಡ್ಡ ಘಟನೆ ಅದೇ ಆಗಿತ್ತೇ ಎಂಬುದು ವಿಚಾರಾರ್ಹವಾಗಿದೆ.

ವರ್ಷವು ಒಂದು ವ್ಯರ್ಥ ಕಾಳಗದಿಂದ ಆರಂಭವಾಯಿತು. ಇಂಗ್ಲೆಂಡಿಗೂ ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೂ ನಡೆಯುತ್ತಿದ್ದ ಯುದ್ಧವನ್ನು ಮುಗಿಸುವ ಸಂಧಿಗೆ 1814ರ ಡಿಸೆಂಬರ್ 24ರಂದು ಗೆಂಟ್ ನಗರದಲ್ಲಿ ಸಹಿ ಬಿದ್ದಿತ್ತು. ಆದರೆ ಹಾಯಿಹಡಗುಗಳ ಆ ಕಾಲದಲ್ಲಿ ಸುದ್ದಿ ಅಟ್ಲಾಂಟಿಕ್ ಸಾಗರವನ್ನು ದಾಟಲು ವಾರಗಳೇ ಬೇಕಾಗಿದ್ದುವು. ಅದು ತಲಪುವ ಮೊದಲೇ, ಜನವರಿ 8ರಂದು, ನ್ಯೂ ಆರ್ಲಿಯನ್ಸ್ ನಗರದ ಬಳಿ ಎರಡು ಪಡೆಗಳೂ ಕಾದಾಡಿದುವು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಬ್ರಿಟಿಷರ ಕಡೆಯಲ್ಲಿ ಸುಮಾರು ಎರಡು ಸಾವಿರ ಮಂದಿ ನಷ್ಟವಾದರು.

ನಮಗೆ ಸಮೀಪದ ಸಿಂಹಳದಲ್ಲಿ ಮಾರ್ಚ್ 2ರಂದು ಕ್ಯಾಂಡಿಯ ಒಪ್ಪಂದವಾಗಿ, ಆ ದ್ವೀಪದ ಕಡೆಯ ಸ್ವತಂತ್ರ ರಾಜ್ಯ ಬ್ರಿಟಿಷರ ವಶವಾಯಿತು. ಅಲ್ಲಿನ ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹನನ್ನು ಮರುವರ್ಷ ವೇಲೂರಿಗೆ ತಂದು ಸೆರೆಯಲ್ಲಿಟ್ಟರು. ಅವನು 1832ರಲ್ಲಿ ತೀರಿಕೊಂಡನು.

ಯುರೋಪಿನಲ್ಲಾದರೋ ಎಲ್ಲರ ದೃಷ್ಟಿ ವಿಯೆನ್ನಾ ನಗರದ ಮೇಲಿತ್ತು. ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡ ನೆಪೋಲಿಯನ್ ಮಾರ್ಚ್ 20ರಂದು ಪ್ಯಾರಿಸನ್ನು ಪ್ರವೇಶಿಸಿದಾಗಲೂ ಅಲ್ಲಿ ಕುಳಿತಿದ್ದ ರಾಜನೀತಿಜ್ಞರು ನಕಾಶೆಯ ಮೇಲಿನಿಂದ ಕೈ ತೆಗೆಯಲಿಲ್ಲ. ಜೂನ್ 9ರಂದು ಅಂತಿಮ ನಿರ್ಣಯಪತ್ರಕ್ಕೆ ಸಹಿಯಾಯಿತು. ಒಂಬತ್ತು ದಿನಗಳ ತರುವಾಯ, ಜೂನ್ 18ರಂದು, ವಾಟರ್ಲೂ ಮೈದಾನದಲ್ಲಿ ವೆಲಿಂಗ್ಟನ್ ಮತ್ತು ಬ್ಲೂಖರ್ ಇಬ್ಬರೂ ಸೇರಿ ನೆಪೋಲಿಯನ್ನನನ್ನು ಸೋಲಿಸಿದರು. ಈ ವೆಲಿಂಗ್ಟನ್ ನಮ್ಮ ನಾಡಿಗೆ ಅಪರಿಚಿತನಲ್ಲ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಮರುವರ್ಷ ಧೋಂಡಿಯ ವಾಘನನ್ನು ಬೆನ್ನಟ್ಟಿ ಕೊನೆಗಾಣಿಸಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈತನು. ವಾಟರ್ಲೂವಿನ ಒಂದೇ ದಿನದಲ್ಲಿ ಸತ್ತವರೂ ಗಾಯಗೊಂಡವರೂ 40 ಸಾವಿರಕ್ಕೆ ಮಿಕ್ಕಿದ್ದರು.

ಇನ್ನು ವಿಯೆನ್ನಾದಲ್ಲಿ ಎಳೆದ ಗೆರೆಗಳ ಗತಿಯೇನಾಯಿತು? ಬೆಲ್ಜಿಯಮ್ಮನ್ನು ಹಾಲೆಂಡಿನೊಡನೆ ಕೂಡಿಸಿದ್ದರು. ಅದು 1830ರಲ್ಲಿ ಬೇರೆಯಾಯಿತು. ವೆನಿಸ್ ನಗರವನ್ನು ಆಸ್ಟ್ರಿಯಾಕ್ಕೆ ಕೊಟ್ಟಿದ್ದರು. ಅದು 1866ರಲ್ಲಿ ಇಟಲಿಯನ್ನು ಸೇರಿತು. ಪೋಲೆಂಡಿನ ಬಹುಭಾಗವನ್ನು ರಷ್ಯದ ಚಕ್ರವರ್ತಿಯ ಕೆಳಗಿರಿಸಿ, ಪೋಸೆನ್ ಪ್ರಾಂತವನ್ನು ಪ್ರಷ್ಯಕ್ಕೆ ಕೊಟ್ಟರು. ಅಲ್ಲಿನ ಜನ ಯಾವ ನುಡಿಯವರೆಂದು ಯಾರೂ ಕೇಳಲಿಲ್ಲ. 1901ರಲ್ಲಿ ಅದೇ ಪೋಸೆನ್ ಪ್ರಾಂತದ ವ್ಜೆಶ್ನಿಯಾ ಎಂಬ ಊರಿನ ಶಾಲೆಯಲ್ಲಿ ಧರ್ಮಬೋಧೆಯನ್ನು ಜರ್ಮನ್ ಭಾಷೆಯಲ್ಲಿ ನಡೆಸಬೇಕೆಂದು ಕಟ್ಟುಮಾಡಿದಾಗ, ಮಕ್ಕಳು ಆ ಭಾಷೆಯಲ್ಲಿ ಉತ್ತರ ಹೇಳಲೊಪ್ಪದೆ ಏಟು ತಿಂದರು. 1918ರಲ್ಲಿ ಪೋಲೆಂಡ್ ಮತ್ತೆ ಸ್ವತಂತ್ರವಾದಾಗ ಪೋಲಿಷ್ ಭಾಷೆ ಮನೆಮನೆಯಲ್ಲಿ ಜೀವಂತವಾಗಿತ್ತು. ನೂರು ವರ್ಷಗಳ ಪರರಾಜ್ಯವೂ ಅದನ್ನು ಅಳಿಸಲಾರದಾಯಿತು.

ಆದರೆ ಅದೇ 1815ರಲ್ಲಿ ಒಂದು ಭಾಷೆ ನಿಜವಾಗಿಯೂ ಅಳಿಯಿತು. ಅದನ್ನು ಅಳಿಸಿದ್ದು ಯಾವ ಚಕ್ರವರ್ತಿಯ ಆಜ್ಞೆಯೂ ಅಲ್ಲ.

ಇಂದಿನ ಇಂಡೋನೇಷ್ಯದ ಸುಂಬಾವಾ ದ್ವೀಪದಲ್ಲಿ ತಂಬೋರಾ ಎಂಬ ಪರ್ವತವಿದೆ. 1815ರ ಏಪ್ರಿಲ್ 5ರಂದು ಅದು ಗುಡುಗತೊಡಗಿತು. ಆಗ ಜಾವಾ ದ್ವೀಪ ಬ್ರಿಟಿಷರ ಅಧೀನದಲ್ಲಿತ್ತು. ನೂರಾರು ಮೈಲಿ ದೂರದ ಅಲ್ಲಿನ ಅಧಿಕಾರಿಗಳು ಇದನ್ನು ಫಿರಂಗಿಯ ಸದ್ದೆಂದೇ ಬಗೆದು ಸೈನ್ಯವನ್ನು ಹೊರಡಿಸಿದರು. ಏಪ್ರಿಲ್ 10ರ ಸಂಜೆ ಪರ್ವತವು ಸಿಡಿಯಿತು. ನಾಲ್ಕು ಸಾವಿರ ಮೀಟರಿಗೂ ಎತ್ತರವಿದ್ದ ಶಿಖರ ಮೂರು ಸಾವಿರಕ್ಕಿಂತ ಕೆಳಗಿಳಿಯಿತು. ಬೆಂಕಿಗೂ ಬೂದಿಗೂ ತುತ್ತಾದವರೇ ಹತ್ತು ಸಾವಿರ ಮಂದಿ. ಆಮೇಲೆ ಸುಂಬಾವಾದಲ್ಲಿಯೂ ಪಕ್ಕದ ಲೊಂಬೋಕ್ ದ್ವೀಪದಲ್ಲಿಯೂ ಹಸಿವಿನಿಂದ, ರೋಗದಿಂದ ಸತ್ತವರನ್ನು ಕೂಡಿಸಿದರೆ ಲೆಕ್ಕ 60ರಿಂದ 90 ಸಾವಿರದವರೆಗೆ ಹೋಗುವುದೆಂದು ವಿದ್ವಾಂಸರ ಅಂದಾಜು. ಜಾವಾದ ಉಪರಾಜ್ಯಪಾಲ ರಾಫಲ್ಸ್ ಅಕ್ಕಿಯೊಡನೆ ಕಳುಹಿಸಿದ ಓವನ್ ಫಿಲಿಪ್ಸ್ ಎಂಬ ಅಧಿಕಾರಿ, ಸಂಗಾರ್ ಸಂಸ್ಥಾನದ ರಾಜನ ಸ್ವಂತ ಮಗಳೊಬ್ಬಳು ಹಸಿವಿನಿಂದ ಸತ್ತುದನ್ನು ವರದಿಯಲ್ಲಿ ಬರೆದಿದ್ದಾನೆ. ರಾಜನ ಮನೆಯಲ್ಲೇ ಹೀಗಾದರೆ ಪ್ರಜೆಗಳ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರ್ವತದ ಬುಡದಲ್ಲಿ ತಂಬೋರಾ ಎಂಬ ಹೆಸರಿನದೇ ಒಂದು ಪುಟ್ಟ ರಾಜ್ಯವಿತ್ತು. ಅದು ಜನಸಮೇತ ಬೂದಿಯ ಕೆಳಗಾಯಿತು. ಅವರ ನುಡಿಯೂ ಅವರೊಡನೆ ಹೋಯಿತು. ಉಳಿದಿರುವುದು ಹಲವು ಹತ್ತು ಶಬ್ದಗಳ ಒಂದು ಪಟ್ಟಿ ಮಾತ್ರ. ರಾಫಲ್ಸನು 1817ರಲ್ಲಿ ಪ್ರಕಟಿಸಿದ ಜಾವಾ ಇತಿಹಾಸದಲ್ಲಿ ಅದು ಅಚ್ಚಾಗಿದೆ. ಸುತ್ತಲ ದ್ವೀಪಗಳ ಮಲಯ ಬಳಗದ ಭಾಷೆಗಳಿಗೆ ಅದು ಸೇರಿದುದಲ್ಲವೆಂದು ಭಾಷಾಶಾಸ್ತ್ರಜ್ಞರು ಇತ್ತೀಚೆಗೆ ಆ ಪಟ್ಟಿಯಿಂದಲೇ ತೋರಿಸಿದ್ದಾರೆ. 2004ರಲ್ಲಿ ಸಂಶೋಧಕರು ಅಗೆದಾಗ ಬೂದಿಯಡಿಯಲ್ಲಿ ಒಂದು ಮನೆಯೂ, ಮಡಕೆಗಳೂ, ಇಬ್ಬರ ಅಸ್ಥಿಗಳೂ ಕಂಡವು. ಆ ಮನೆಯವರು ಬೆಂಕಿಗೆ ಏನೆನ್ನುತ್ತಿದ್ದರು, ಮಗುವನ್ನು ಹೇಗೆ ಕರೆಯುತ್ತಿದ್ದರು ಎಂಬುದಕ್ಕೆ ಆ ಪಟ್ಟಿಯ ಹೊರತು ಬೇರೆ ಸಾಕ್ಷಿಯಿಲ್ಲ.

ತಂಬೋರಾದ ಧೂಳು ದ್ವೀಪದಲ್ಲೇ ನಿಲ್ಲಲಿಲ್ಲ. ಆಕಾಶಕ್ಕೆ ಏರಿದ ಗಂಧಕದ ಸೂಕ್ಷ್ಮ ಕಣಗಳು ಭೂಮಂಡಲವನ್ನೆಲ್ಲ ಸುತ್ತಿ ಬಿಸಿಲನ್ನು ತಡೆದುವು. 1816ರ ಜೂನ್‌ನಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ಹಿಮ ಬಿದ್ದಿತು. ಪಶ್ಚಿಮ ಯುರೋಪಿನಲ್ಲಿ ಮಳೆ ನಿಲ್ಲದೆ ಪೈರು ಕೊಳೆತು ಧಾನ್ಯದ ಬೆಲೆ ಏರಿತು; ಸ್ವಿಟ್ಜರ್ಲೆಂಡಿನಲ್ಲಿ ಬರವೇ ಬಿದ್ದಿತು. ಚೀನಾದ ಯುನ್ನಾನ್ ಪ್ರಾಂತದಲ್ಲಿ ಬತ್ತದ ಬೆಳೆ ಕೆಟ್ಟು ಜನ ಕ್ಷಾಮಕ್ಕೆ ಸಿಕ್ಕಿದರು. ಆ ವರ್ಷಕ್ಕೆ ‘ಬೇಸಗೆಯಿಲ್ಲದ ವರ್ಷ’ ಎಂಬ ಹೆಸರು ಬಂತು. ಕಾರಣ ಮಾತ್ರ ಆ ಜನರಿಗೆ ತಿಳಿಯಲಿಲ್ಲ. ಸುಮಾರು ನೂರು ವರ್ಷಗಳಾದ ಮೇಲೆ ಅಮೆರಿಕದ ಹಂಫ್ರೀಸ್ ಎಂಬ ವಿಜ್ಞಾನಿಯು ಆ ಚಳಿಗೂ ತಂಬೋರಾಕ್ಕೂ ಇರುವ ಸಂಬಂಧವನ್ನು ಎತ್ತಿ ತೋರಿಸಿದನು. ವಾಟರ್ಲೂ ವಾರ್ತೆ ಮೂರು ದಿನಗಳಲ್ಲಿ ಲಂಡನ್ನನ್ನು ಮುಟ್ಟಿತ್ತು. ತಂಬೋರಾದ ವಾರ್ತೆಯ ಅರ್ಥ ಜಗತ್ತಿಗಾಗಲು ಒಂದು ಶತಮಾನ ಹಿಡಿಯಿತು.

ಆದುದರಿಂದ ಯಾವ ಘಟನೆ ದೊಡ್ಡದೆಂಬುದನ್ನು ಆಯಾ ಕಾಲದವರ ಗದ್ದಲದಿಂದ ನಿರ್ಣಯಿಸಲಾಗದು. ವಿಯೆನ್ನಾದ ಗೆರೆಗಳನ್ನು ಶಾಶ್ವತವೆಂದು ತಿಳಿದವರಿದ್ದರು. ಅವುಗಳಲ್ಲಿ ಹೆಚ್ಚಿನವು ಇಂದಿಲ್ಲ. ನಕಾಶೆಯ ಗೆರೆ ಎತ್ತಲಾಗಿ ಹೋದರೂ, ಆಡುವ ಜನರೂ ಕಲಿಸುವ ಮನೆಯೂ ಇರುವವರೆಗೆ ನುಡಿ ಉಳಿಯುತ್ತದೆಂಬುದಕ್ಕೆ ಪೋಲರು ಸಾಕ್ಷಿ. ಜನವಿಲ್ಲವಾದರೆ ಉಳಿಯುವುದು ಬರೆದಿಟ್ಟಷ್ಟೇ ಎಂಬುದಕ್ಕೆ ತಂಬೋರಾ ಸಾಕ್ಷಿ. ಗಡಿಯ ಊರುಗಳಲ್ಲಿ ಪಾಠ ಹೇಳುವ ನಾವು ಈ ಎರಡನ್ನೂ ಚೆನ್ನಾಗಿ ಬಲ್ಲೆವು. ನಮ್ಮ ಸುತ್ತಲ ಹಳ್ಳಿಗಳ ಹಿರಿಯರು ಆಡುವ ಬೇಸಾಯದ ಮಾತುಗಳನ್ನು, ಹೊಲಗದ್ದೆಗಳ ಹೆಸರುಗಳನ್ನು, ನೆಂಟಸ್ತಿಕೆಯ ಪದಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ನಮ್ಮಲ್ಲಿ ಪ್ರತಿಯೊಬ್ಬರೂ ಈ ವರ್ಷವೇ ಕೈಕೊಳ್ಳಬಹುದು. ಹೇಳುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.