ಶ್ರೀಲಂಕಾ: ಪ್ರವಾಸಿಗರ ಭದ್ರತೆ ಮತ್ತು ರಾಜಕೀಯ ಅಪಾಯಗಳು

ಪಾಕ್ ಜಲಸಂಧಿಯ ಆಚೆ ದಡದಲ್ಲಿರುವ ದ್ವೀಪರಾಷ್ಟ್ರ ಶ್ರೀಲಂಕಾ. ವಿಸ್ತೀರ್ಣ 65,610 ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು; ಜನಸಂಖ್ಯೆ ಸುಮಾರು 2.2 ಕೋಟಿ. 2018ರಲ್ಲಿ ಇಲ್ಲಿಗೆ ಬಂದ ವಿದೇಶಿ ಪ್ರವಾಸಿಗರು 23 ಲಕ್ಷಕ್ಕೂ ಹೆಚ್ಚು. 2021ರಲ್ಲಿ ಬಂದವರು ಎರಡು ಲಕ್ಷಕ್ಕೂ ಕಡಿಮೆ. 2024ರಲ್ಲಿ ಸಂಖ್ಯೆ ಮತ್ತೆ 20 ಲಕ್ಷ ದಾಟಿತು, ಅವರಲ್ಲಿ ಅತಿ ಹೆಚ್ಚಿನವರು ಭಾರತೀಯರು. ಬಾಂಬು, ಕೊರೊನಾ, ದಿವಾಳಿ ಮೂರೂ ಒಂದರ ಬೆನ್ನಿಗೊಂದು ಬಂದೆರಗಿದ ಕಥೆ ಈ ಏರಿಳಿತದಲ್ಲಿದೆ.

ಇಲ್ಲಿ ಪ್ರವಾಸಿಗರನ್ನೇ ಹುಡುಕಿ ಹೊಡೆದ ಹಿಂಸೆ ವಿರಳ. ರಾಜಕೀಯದ ಪೆಟ್ಟು ಅವರಿಗೆ ಬಹುಮಟ್ಟಿಗೆ ಬಳಸುದಾರಿಯಲ್ಲಿ ತಗಲುತ್ತದೆ: ಪೆಟ್ರೋಲ್ ಬಂಕಿನ ಸಾಲಾಗಿ, ಹಠಾತ್ ಕರ್ಫ್ಯೂ ಆಗಿ, ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದ ವಾಟ್ಸ್ಆ್ಯಪ್ ಆಗಿ. ವಿರಳವಾಗಿ ನೇರವಾಗಿ ಬಿದ್ದ ಪೆಟ್ಟು ಮಾತ್ರ ಎಲ್ಲರ ಕಣ್ಣು ನೆಟ್ಟಿದ್ದ ದಿಕ್ಕಿನಿಂದ ಬರಲಿಲ್ಲ.

ಯುದ್ಧದ ಕಾಲ

1948ರ ಫೆಬ್ರವರಿ 4ರಂದು ಸ್ವತಂತ್ರವಾದ ಸಿಲೋನ್, 1956ರಲ್ಲಿ ಸಿಂಹಳವೊಂದನ್ನೇ ಆಡಳಿತ ಭಾಷೆಯಾಗಿಸುವ ಕಾಯ್ದೆ ತಂದಿತು. ಸಿಂಹಳ–ತಮಿಳು ಬಿರುಕು ಅಲ್ಲಿಂದ ಅಗಲವಾಗುತ್ತ ಹೋಯಿತು. 1983ರ ಜುಲೈಯಲ್ಲಿ ಜಾಫ್ನಾದಲ್ಲಿ 13 ಸೈನಿಕರ ಹತ್ಯೆಯಾದ ಮೇಲೆ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು, ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಸಿಂಹಳ ನಾಡಿನಲ್ಲಿ ಜನತಾ ವಿಮುಕ್ತಿ ಪೆರಮುಣ 1971ರಲ್ಲೂ 1987–89ರಲ್ಲೂ ದಂಗೆಯೆದ್ದಿತು. ಎರಡೂ ದಂಗೆಗಳನ್ನು ಸರ್ಕಾರ ರಕ್ತ ಹರಿಸಿಯೇ ಅಡಗಿಸಿತು.

ಯುದ್ಧ 2009ರ ಮೇಯಲ್ಲಿ ಮುಗಿಯಿತು. ಆ ಇಪ್ಪತ್ತಾರು ವರ್ಷಗಳಲ್ಲೂ ದಕ್ಷಿಣದ ಕಡಲತೀರಗಳಿಗೆ ಯುರೋಪಿನವರು ಬರುವುದು ನಿಲ್ಲಲಿಲ್ಲ. ಹಾಗೆಂದು ಅವರು ಪೂರ್ತಿ ಪಾರಾದರೆನ್ನುವಂತಿಲ್ಲ. 1986ರ ಮೇ 3ರಂದು ಕಟುನಾಯಕ ವಿಮಾನ ನಿಲ್ದಾಣದಲ್ಲಿ ಮಾಲ್ಡೀವ್ಸ್‌ಗೆ ಹೊರಟಿದ್ದ ಏರ್ ಲಂಕಾ ವಿಮಾನದೊಳಗೆ ಬಾಂಬ್ ಸಿಡಿದು 21 ಮಂದಿ ಸತ್ತರು, ಬಹುತೇಕರು ವಿದೇಶಿಯರು. 1996ರ ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಸ್ಫೋಟಕ ತುಂಬಿದ ಲಾರಿ ನುಗ್ಗಿಸಿ 90ಕ್ಕೂ ಹೆಚ್ಚು ಜನರನ್ನು ಕೊಂದಿತು. ಎರಡು ವಾರದಲ್ಲೇ ವಿಶ್ವಕಪ್ ಕ್ರಿಕೆಟ್ ಇತ್ತು. ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ಕೊಲಂಬೊಗೆ ಬರುವುದಿಲ್ಲ ಎಂದವು. ಊರು ಆಡಲು ಯೋಗ್ಯ ಎಂದು ತೋರಿಸಲು ಭಾರತ, ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ ಫೆಬ್ರವರಿ 13ರಂದು ಕೊಲಂಬೊದಲ್ಲಿ ಶ್ರೀಲಂಕಾದ ಎದುರು ಆಡಿದರು. ಅನಿಲ್ ಕುಂಬ್ಳೆಯೂ ಆ ತಂಡದಲ್ಲಿದ್ದರು. ಯಾವ ದೇಶದ ಪ್ರವಾಸೋದ್ಯಮ ಇಲಾಖೆಗೂ ಅಂಥ ಜಾಹೀರಾತು ಮತ್ತೆ ಸಿಕ್ಕಿರಲಾರದು.

ಯಾತ್ರಾಸ್ಥಳಗಳೂ ಉಳಿಯಲಿಲ್ಲ. 1998ರ ಜನವರಿಯಲ್ಲಿ ಕ್ಯಾಂಡಿಯ ದಂತಧಾತು ಮಂದಿರದ ಬಾಗಿಲಿಗೇ ಲಾರಿ ಬಾಂಬ್ ಬಂತು. 2001ರ ಜುಲೈ 24ರ ಕಟುನಾಯಕ ದಾಳಿಯಲ್ಲಿ ರಾಷ್ಟ್ರೀಯ ವಿಮಾನ ಸಂಸ್ಥೆಯ ಸುಮಾರು ಅರ್ಧದಷ್ಟು ವಿಮಾನಗಳು ಸುಟ್ಟವು ಇಲ್ಲವೇ ಜಖಂಗೊಂಡವು. ದ್ವೀಪಕ್ಕೆ ಬರುವ ಹಡಗು, ವಿಮಾನಗಳ ವಿಮಾ ಕಂತು ಗಗನಕ್ಕೇರಿತು. ಇರುವುದೊಂದೇ ದೊಡ್ಡ ವಿಮಾನ ನಿಲ್ದಾಣವಾದರೆ ಅದಕ್ಕೆ ಬಿದ್ದ ಪೆಟ್ಟು ಇಡೀ ದೇಶದ ಬಾಗಿಲನ್ನೇ ಮುಚ್ಚುತ್ತದೆ. ದ್ವೀಪಗಳ ಪ್ರಯಾಣದ ಅಪಾಯ ಬೇರೆ ಬಗೆಯದಾಗುವುದು ಇದರಿಂದ. ಕೊಲಂಬೊದಿಂದ ಹೊರಡಲಾಗದವನಿಗೆ ಪಕ್ಕದ ದೇಶಕ್ಕೆ ಬಸ್ಸು ಹತ್ತುವ ಅವಕಾಶವಿಲ್ಲ.

ಈಸ್ಟರ್ ಭಾನುವಾರ

ಯುದ್ಧ ಮುಗಿದು ಹತ್ತು ವರ್ಷ ತುಂಬುತ್ತಿತ್ತು. 2019ರ ಏಪ್ರಿಲ್ 21ರ ಬೆಳಿಗ್ಗೆ ಕೊಲಂಬೊದ ಕೊಚ್ಚಿಕಡೆ, ನೆಗೊಂಬೊ ಬಳಿಯ ಕಟುವಾಪಿಟಿಯ ಮತ್ತು ಪೂರ್ವದ ಬಟ್ಟಿಕಲೋವದ ಚರ್ಚುಗಳಲ್ಲಿ, ಕೊಲಂಬೊದ ಶಾಂಗ್ರಿಲಾ, ಸಿನಮನ್ ಗ್ರ್ಯಾಂಡ್, ಕಿಂಗ್ಸ್‌ಬರಿ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬ್‌ಗಳು ಸಿಡಿದವು. ಸತ್ತವರು 260ಕ್ಕೂ ಹೆಚ್ಚು. ವಿದೇಶಿಯರು 40ಕ್ಕೂ ಹೆಚ್ಚು, ಅವರಲ್ಲಿ ಭಾರತೀಯರು 11. ಏಪ್ರಿಲ್ 18ರಂದು ಕರ್ನಾಟಕದ ಮೊದಲ ಹಂತದ ಲೋಕಸಭಾ ಮತದಾನ ಮುಗಿಸಿ, ಪ್ರಚಾರದ ದಣಿವಾರಿಸಿಕೊಳ್ಳಲು ಕೊಲಂಬೊಗೆ ಹೋಗಿದ್ದ ಜೆಡಿಎಸ್‌ನ ಹಲವು ಕಾರ್ಯಕರ್ತರು ಶಾಂಗ್ರಿಲಾದಲ್ಲಿ ಬಲಿಯಾದರು. ಬೆಂಗಳೂರಿನ ಸುತ್ತಮುತ್ತಲ ಊರುಗಳಿಗೆ ಶವಪೆಟ್ಟಿಗೆಗಳು ಬಂದ ಆ ವಾರದ ನಂತರ, ಶ್ರೀಲಂಕಾದ ಸುದ್ದಿ ಕನ್ನಡಿಗರಿಗೆ ಬರೀ ವಿದೇಶದ ಸುದ್ದಿಯಾಗಿ ಉಳಿಯಲಿಲ್ಲ.

ದಾಳಿಕೋರರು ಎಲ್‌ಟಿಟಿಇಯವರಲ್ಲ, ಜಹ್ರಾನ್ ಹಾಶಿಂ ನಾಯಕತ್ವದ ಸ್ಥಳೀಯ ಇಸ್ಲಾಮಿಕ್ ಉಗ್ರರ ಗುಂಪು. ಭಾರತದ ಗುಪ್ತಚರರು ಏಪ್ರಿಲ್ ಮೊದಲ ವಾರದಲ್ಲೇ ಎಚ್ಚರಿಸಿದ್ದರು. ಆದರೆ 2018ರ ಅಕ್ಟೋಬರ್ 26ರಂದು ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಪ್ರಧಾನಿ ರನಿಲ್ ವಿಕ್ರಮಸಿಂಘೆಯನ್ನು ವಜಾ ಮಾಡಿ ಮಹಿಂದ ರಾಜಪಕ್ಸರನ್ನು ಕೂರಿಸಲು ನೋಡಿದಾಗಿನಿಂದ ಇಬ್ಬರ ನಡುವೆ ಮಾತೇ ನಿಂತಂತಿತ್ತು. ನ್ಯಾಯಾಲಯದ ಮಧ್ಯಪ್ರವೇಶದಿಂದ ರನಿಲ್ ಮರಳಿದರೂ ಭದ್ರತಾ ಮಂಡಳಿಯ ಸಭೆಗಳಿಗೆ ಅವರಿಗೆ ಕರೆ ಬರುತ್ತಿರಲಿಲ್ಲ. ಎಚ್ಚರಿಕೆಯ ಪತ್ರ ಕಚೇರಿಯಿಂದ ಕಚೇರಿಗೆ ಅಲೆಯಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ದಾಳಿ ತಡೆಯದ ಲೋಪಕ್ಕಾಗಿ ಸಿರಿಸೇನ ಸ್ವಂತ ಹಣದಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕಟ್ಟಬೇಕೆಂದು ಆದೇಶಿಸಿತು. ಪ್ರವಾಸಿಗರಿಗೆ ರಾಜಕೀಯ ಅಪಾಯ ಎಂದರೇನು ಎಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ: ಅಧ್ಯಕ್ಷ–ಪ್ರಧಾನಿಯರ ಮುನಿಸಿನ ಬೆಲೆಯನ್ನು ಹೋಟೆಲಿನಲ್ಲಿ ತಿಂಡಿಗೆ ಕುಳಿತವರು ತೆತ್ತರು.

ದಾಳಿಯ ಮರುತಿಂಗಳು ಪ್ರವಾಸಿಗರ ಸಂಖ್ಯೆ ಹಿಂದಿನ ವರ್ಷದ ಮೇಗಿಂತ ಶೇ 70ರಷ್ಟು ಕುಸಿಯಿತು. ತುರ್ತು ಪರಿಸ್ಥಿತಿ, ರಾತ್ರಿ ಕರ್ಫ್ಯೂ, ಸಾಮಾಜಿಕ ಜಾಲತಾಣಗಳಿಗೆ ತಡೆ ಎಲ್ಲವೂ ಬಂದವು. ಜಾಲತಾಣಗಳನ್ನು ಮುಚ್ಚುವುದು ಹೊಸದೇನಲ್ಲ. 2018ರ ಮಾರ್ಚ್‌ನಲ್ಲಿ ಕ್ಯಾಂಡಿ ಬಳಿಯ ದಿಗಣದಲ್ಲಿ ಮುಸ್ಲಿಮರ ಮೇಲೆ ದಾಳಿಗಳಾದಾಗಲೂ ಹಾಗೆಯೇ ಮಾಡಲಾಗಿತ್ತು. ಅಂಥ ಹೊತ್ತಿನಲ್ಲಿ ಮನೆಯವರಿಗೆ ಕ್ಷೇಮವಾಗಿದ್ದೇನೆ ಎಂದು ತಿಳಿಸಲು ಹಳೆಯ ಎಸ್‌ಎಂಎಸ್ಸೇ ಗತಿ.

ಬರಿದಾದ ಬೊಕ್ಕಸ

2022ರ ಬಿಕ್ಕಟ್ಟಿನಲ್ಲಿ ಬಾಂಬಿರಲಿಲ್ಲ. ವಿದೇಶಿ ವಿನಿಮಯ ಮುಗಿದಿತ್ತು. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇರಲಿಲ್ಲ. ಅಡುಗೆ ಅನಿಲ, ಔಷಧ, ಡೀಸೆಲ್ ಯಾವುದೂ ಸಿಗುತ್ತಿರಲಿಲ್ಲ. ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲ ತೀರಿಸಲಾಗದು ಎಂದು ಘೋಷಿಸಿತು. ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಯುವಕರು ಡೇರೆ ಹಾಕಿ ಅದಕ್ಕೆ ‘ಗೋಟ ಗೋ ಗಾಮ’ ಎಂದು ಹೆಸರಿಟ್ಟರು. ಗೋಟ, ಅಂದರೆ ಅಧ್ಯಕ್ಷ ಗೋಟಬಯ ರಾಜಪಕ್ಸ, ಮನೆಗೆ ಹೋಗುವ ತನಕ ತಾವಿರುವ ಊರು ಎಂಬ ಅರ್ಥ. ಸಿಂಹಳದಲ್ಲಿ ಈ ಹೋರಾಟಕ್ಕೆ ‘ಅರಗಲಯ’ ಎಂದೇ ಹೆಸರು. ಮೇ 9ರಂದು ರಾಜಪಕ್ಸ ಬೆಂಬಲಿಗರು ಡೇರೆಗಳ ಮೇಲೆ ಬಿದ್ದರು. ಪ್ರತೀಕಾರದಲ್ಲಿ ಆಡಳಿತ ಪಕ್ಷದವರ ಮನೆಗಳು ಉರಿದವು, ಸಂಸದರೊಬ್ಬರು ಸತ್ತರು, ಆಗ ಪ್ರಧಾನಿಯಾಗಿದ್ದ ಮಹಿಂದ ರಾಜೀನಾಮೆ ಕೊಟ್ಟರು. ಜುಲೈ 9ರಂದು ಜನ ಅಧ್ಯಕ್ಷರ ನಿವಾಸಕ್ಕೇ ನುಗ್ಗಿದರು. ಗೋಟಬಯ ರಾಜಪಕ್ಸ ಮಾಲ್ಡೀವ್ಸ್ ದಾರಿಯಾಗಿ ಸಿಂಗಪುರಕ್ಕೆ ಓಡಿಹೋಗಿ 14ರಂದು ರಾಜೀನಾಮೆ ಕಳಿಸಿದರು.

ಅದೇ ಜುಲೈ 9ರಂದು ಗಾಲ್‌ನಲ್ಲಿ ಆಸ್ಟ್ರೇಲಿಯಾದ ಜೊತೆ ಟೆಸ್ಟ್ ಪಂದ್ಯ ನಡೆದಿತ್ತು. ಪ್ರತಿಭಟನಕಾರರು ಕೋಟೆಯ ಗೋಡೆ ಹತ್ತಿ ಘೋಷಣೆ ಕೂಗಿದರು. ಕೆಳಗೆ ಆಟ ಮುಂದುವರಿಯಿತು. ಆ ದಿನಗಳಲ್ಲಿ ವಿದೇಶಿಯರ ಮೇಲೆ ಯಾರೂ ಸಿಟ್ಟಾಗಲಿಲ್ಲ. ಅವರಿಗೆ ಕಷ್ಟವಾದದ್ದು ಟ್ಯಾಕ್ಸಿಗೆ ಪೆಟ್ರೋಲ್ ಇಲ್ಲದ್ದು, ಹೋಟೆಲಿನ ಒಲೆ ಆರಿದ್ದು. ಜೂನ್ ಕೊನೆಯಲ್ಲಿ ಎರಡು ವಾರ ಅಗತ್ಯ ಸೇವೆಗಳಿಗೆ ಮಾತ್ರ ಇಂಧನ ಎಂದಾಯಿತು. ಬಳಿಕ ಕ್ಯುಆರ್ ಕೋಡ್ ಪಡಿತರ ಬಂತು, ಪ್ರವಾಸಿಗರಿಗೆ ಬೇರೆಯದೇ ಇಂಧನ ಪಾಸೂ ಬಂತು. ಆ ವರ್ಷ ಶ್ರೀಲಂಕಾದಲ್ಲಿ ನಡೆಯಬೇಕಿದ್ದ ಏಷ್ಯಾ ಕಪ್ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಸ್ಥಳಾಂತರವಾಯಿತು. ಗೆದ್ದದ್ದು ಶ್ರೀಲಂಕಾವೇ.

ವಿದೇಶಿಯರ ತಲೆಗೆ ಬಂದದ್ದು ಬೇರೊಂದು ಕಾರಣಕ್ಕೆ. ಅರಗಲಯದ ದೃಶ್ಯಗಳನ್ನು ಜಾಲತಾಣದಲ್ಲಿ ಹಂಚಿಕೊಂಡ ಬ್ರಿಟಿಷ್ ಮಹಿಳೆಯೊಬ್ಬರ ವೀಸಾವನ್ನು 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿ ದೇಶ ಬಿಡಲು ಹೇಳಲಾಯಿತು. ಅವರು ವೀಸಾದ ಷರತ್ತು ಮುರಿದಿದ್ದಾರೆ ಎಂಬುದು ಅಧಿಕಾರಿಗಳ ವಾದ. ನೋಡಲೆಂದು ನಿಂತವರಿಗೂ ಸೇರಲೆಂದು ಬಂದವರಿಗೂ ಪೊಲೀಸರು ವ್ಯತ್ಯಾಸ ಮಾಡುವುದಿಲ್ಲ.

2024ರ ಸೆಪ್ಟೆಂಬರ್ ಚುನಾವಣೆಯಲ್ಲಿ ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾದರು. ನವೆಂಬರ್‌ನಲ್ಲಿ ಅವರ ಮೈತ್ರಿಕೂಟಕ್ಕೆ ಸಂಸತ್ತಿನ 225ರಲ್ಲಿ 159 ಸ್ಥಾನ ಸಿಕ್ಕಿತು. ಒಂದು ಕಾಲಕ್ಕೆ ಬಂದೂಕು ಹಿಡಿದಿದ್ದ ಜನತಾ ವಿಮುಕ್ತಿ ಪೆರಮುಣವೇ ಅದರ ತಿರುಳು. ಅಧಿಕಾರ ಶಾಂತವಾಗಿ ಕೈ ಬದಲಾಯಿಸಿತು. ಆದರೆ ಎರಡು ಚುನಾವಣೆಗಳ ನಡುವೆ, ಅಕ್ಟೋಬರ್ 23ರಂದು, ಪೂರ್ವದ ಅರುಗಂ ಬೇಯಲ್ಲಿ ದಾಳಿಯ ಸಂಚಿದೆ ಎಂದು ಅಮೆರಿಕದ ರಾಯಭಾರ ಕಚೇರಿ ಎಚ್ಚರಿಸಿತು. ಅಲೆಸವಾರಿಗೆ ಬಂದು ನೆಲೆಸಿದ್ದ ಇಸ್ರೇಲಿಗಳಿಗೆ ಅವರ ಸರ್ಕಾರ ಕೂಡಲೇ ಜಾಗ ಖಾಲಿ ಮಾಡಲು ಹೇಳಿತು. ಗಾಜಾದ ಯುದ್ಧ ಲಂಕೆಯ ಒಂದು ಪುಟ್ಟ ಮೀನುಗಾರ ಹಳ್ಳಿಗೆ ಬಂದು ತಲುಪಿದ ಬಗೆಯಿದು.

ಕಾನೂನು, ಧರ್ಮ, ನಡವಳಿಕೆ

1979ರ ಭಯೋತ್ಪಾದನಾ ತಡೆ ಕಾಯ್ದೆ ಆರೋಪಪಟ್ಟಿಯಿಲ್ಲದೆ ದೀರ್ಘಕಾಲ ಬಂಧನದಲ್ಲಿಡಲು ಅವಕಾಶ ಕೊಡುತ್ತ ಬಂದಿದೆ. ಅದರ ಬಿಸಿ ತಟ್ಟಿದ್ದು ಹೆಚ್ಚಾಗಿ ಸ್ಥಳೀಯ ತಮಿಳರಿಗೆ, ಮುಸ್ಲಿಮರಿಗೆ. ಪ್ರವಾಸಿಗರು ಸಿಕ್ಕಿಬೀಳುವುದು ಬುದ್ಧನ ವಿಷಯದಲ್ಲಿ. 2012ರಲ್ಲಿ ಬುದ್ಧನ ವಿಗ್ರಹಕ್ಕೆ ಮುತ್ತಿಡುವಂತೆ ಫೋಟೊ ತೆಗೆಸಿಕೊಂಡ ಮೂವರು ಫ್ರೆಂಚರಿಗೆ ಗಾಲ್‌ನ ನ್ಯಾಯಾಲಯ ಅಮಾನತಿನ ಜೈಲು ಶಿಕ್ಷೆ ಕೊಟ್ಟಿತು. 2014ರಲ್ಲಿ ತೋಳಿನಲ್ಲಿ ಬುದ್ಧನ ಹಚ್ಚೆಯಿದ್ದ ಬ್ರಿಟಿಷ್ ದಾದಿಯೊಬ್ಬರನ್ನು ವಿಮಾನ ನಿಲ್ದಾಣದಲ್ಲೇ ಬಂಧಿಸಿ ಗಡೀಪಾರು ಮಾಡಲಾಯಿತು. ಆ ಬಂಧನ ತಪ್ಪೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. ವಿಗ್ರಹಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಇಲ್ಲಿ ಅಪಚಾರ. ಗುಡಿಯಲ್ಲಿ ದೇವರಿಗೆ ಬೆನ್ನು ತೋರಿಸದೆ ಹಿಂದೆ ಸರಿಯುವ ರೂಢಿ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೆ ಮೊಬೈಲ್ ಕೈಗೆ ಬಂದರೆ ರೂಢಿ ಮರೆಯುತ್ತದೆ. ಹುಣ್ಣಿಮೆಯ ‘ಪೋಯ’ ದಿನ ಮದ್ಯ ಮಾರುವುದಿಲ್ಲ. ಸೇನಾ ಠಾಣೆ, ಚೆಕ್‌ಪೋಸ್ಟ್‌ಗಳ ಫೋಟೊ ನಿಷಿದ್ಧ. ಡ್ರೋನ್ ಹಾರಿಸಲು ಅನುಮತಿ ಬೇಕು.

ಉತ್ತರದಲ್ಲಿ ಜಾಫ್ನಾ, ಕಿಳಿನೊಚ್ಚಿ, ಮುಲ್ಲೈತೀವುಗಳಿಗೆ ಈಗ ಯಾರು ಬೇಕಾದರೂ ಹೋಗಬಹುದು. ನೆಲಬಾಂಬ್ ತೆಗೆಯುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಕೆಂಪು ಹಲಗೆಯ ಮೇಲೆ ತಲೆಬುರುಡೆ ಕಂಡರೆ ದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬಾರದು. ಮೇ 18 ಮತ್ತು ನವೆಂಬರ್ 27, ತಮಿಳರು ತಮ್ಮ ಸತ್ತವರನ್ನು ನೆನೆಯುವ ದಿನಗಳು. ಆಗ ಅಲ್ಲಿ ಪೊಲೀಸರ ಕಣ್ಣು ಹೆಚ್ಚು ಚುರುಕು.

ಅಪರಾಧ, ರಸ್ತೆ, ಕಡಲು

ಜೇಬುಗಳ್ಳತನ, ನಕಲಿ ರತ್ನ, ಗಾಲ್ ಫೇಸ್‌ನಲ್ಲಿ ಸ್ನೇಹದಿಂದ ಮಾತಿಗೆಳೆದು ‘ಇವತ್ತು ದೇವಸ್ಥಾನದಲ್ಲಿ ಆನೆ ಉತ್ಸವ’ ಎಂದು ತ್ರೀ-ವೀಲರ್ ಹತ್ತಿಸಿ ಸುಲಿಯುವುದು, ಇವೆಲ್ಲ ಮಾಮೂಲು. ಒಂಟಿಯಾಗಿ ಓಡಾಡುವ ಹೆಂಗಸರಿಗೆ ಬಸ್ಸಿನಲ್ಲೂ ಕಡಲತೀರದಲ್ಲೂ ಕಿರುಕುಳ ಸಾಮಾನ್ಯ. ಹೆಚ್ಚು ಹೇಳಬೇಕಾದ್ದು 2011ರ ಕ್ರಿಸ್‌ಮಸ್ ರಾತ್ರಿಯ ತಂಗಾಲೆ ಪ್ರಕರಣ. ರೆಸಾರ್ಟ್ ಒಂದರಲ್ಲಿ ಬ್ರಿಟಿಷ್ ಪ್ರವಾಸಿಯೊಬ್ಬರ ಕೊಲೆಯಾಗಿ, ಅವರ ಜೊತೆಗಿದ್ದ ಮಹಿಳೆಯ ಮೇಲೆ ಅತ್ಯಾಚಾರವಾಯಿತು. ಮುಖ್ಯ ಆರೋಪಿ ಆಡಳಿತ ಪಕ್ಷಕ್ಕೆ ಸೇರಿದ ಸ್ಥಳೀಯ ಪ್ರಾದೇಶಿಕ ಸಭೆಯ ಅಧ್ಯಕ್ಷ. ಮೊಕದ್ದಮೆ ತೆವಳಿತು, ಬ್ರಿಟನ್ನಿನ ಒತ್ತಡ ಬಿದ್ದು ಕೊನೆಗೆ 2014ರ ಜುಲೈಯಲ್ಲಿ ಅವನಿಗೂ ಮೂವರು ಸಹಚರರಿಗೂ 20 ವರ್ಷದ ಸಜೆಯಾಯಿತು. ಊರಿನ ಪುಢಾರಿಯ ಜೊತೆ ಜಗಳಕ್ಕಿಳಿಯುವುದು ಕಳ್ಳನನ್ನು ಎದುರಿಸುವುದಕ್ಕಿಂತ ಅಪಾಯಕಾರಿ.

ಇಷ್ಟಾದರೂ ಪ್ರಾಣಕ್ಕೆ ದಿನನಿತ್ಯದ ಅಪಾಯ ರಸ್ತೆಯದು. ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಅಪಘಾತಗಳಲ್ಲಿ ಸಾಯುತ್ತಾರೆ. ಖಾಸಗಿ ಬಸ್ಸುಗಳ ಪೈಪೋಟಿ ಕುಖ್ಯಾತ. ಬೆಟ್ಟದ ಊರಾದ ‘ಎಲ್ಲ’ಕ್ಕೆ ಹೋಗುವ ರೈಲಿನ ಬಾಗಿಲಿಂದ ಹೊರಗೆ ಬಾಗಿ ಫೋಟೊ ತೆಗೆಸಿಕೊಳ್ಳಲು ಹೋಗಿ ಸತ್ತವರಿದ್ದಾರೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ತೀರದ ಕಡಲು ಈಜಲು ಯೋಗ್ಯವಲ್ಲ. ಆಗ ಪೂರ್ವ ತೀರ ಶಾಂತ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ತಂದ ನೆರೆ ಮತ್ತು ಭೂಕುಸಿತಗಳಲ್ಲಿ ನೂರಾರು ಜನ ಸತ್ತರು. ಪ್ರವಾಸಿಗರ ನೆಚ್ಚಿನ ಕ್ಯಾಂಡಿ, ನುವರ ಎಲಿಯ, ಬದುಲ್ಲದ ಬೆಟ್ಟದ ದಾರಿಗಳು ಕಡಿದುಹೋದವು.

ನೆರವು

ಕರ್ಫ್ಯೂ ಬಿದ್ದಾಗ ಪಾಸ್‌ಪೋರ್ಟ್ ಮತ್ತು ವಿಮಾನದ ಟಿಕೆಟ್ ತೋರಿಸಿದವರನ್ನು ನಿಲ್ದಾಣಕ್ಕೆ ಬಿಡುವುದು 2019ರಲ್ಲೂ 2022ರಲ್ಲೂ ನಡೆದ ಕ್ರಮ. ಟಿಕೆಟ್ಟನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳುವುದು ಮೇಲು. ಭಾರತದ ಹೈಕಮಿಷನ್ ಕೊಲಂಬೊದಲ್ಲಿದೆ. ಕ್ಯಾಂಡಿ, ಜಾಫ್ನಾ, ಹಂಬಂತೋಟಗಳಲ್ಲಿ ಅದರ ಇತರ ಕಚೇರಿಗಳಿವೆ. ಪೊಲೀಸರಿಗೆ 119, ಪ್ರವಾಸಿಗರ ಸಹಾಯವಾಣಿಗೆ 1912. ಆಂಬ್ಯುಲೆನ್ಸ್‌ಗೆ 1990 ಒತ್ತಬೇಕು: ‘ಸುವ ಸೆರಿಯ’ ಎಂಬ ಈ ಉಚಿತ ಸೇವೆ 2016ರಲ್ಲಿ ಭಾರತದ ಅನುದಾನದಿಂದ ಪಶ್ಚಿಮ ಮತ್ತು ದಕ್ಷಿಣ ಪ್ರಾಂತ್ಯಗಳಲ್ಲಿ ಶುರುವಾಗಿ, ಈಗ ದ್ವೀಪದ ಎಲ್ಲ ಒಂಬತ್ತು ಪ್ರಾಂತ್ಯಗಳಲ್ಲೂ ಓಡುತ್ತಿದೆ.