ಒಬ್ಬನಿಗೇ ಮೀಸಲಾದ ಸ್ಥಾನ

1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಬಂದ ಉಗಿಬಂಡಿ ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು. ಅಂದಿನಿಂದ ರೈಲ್ವೆಯ ಸಂಬಳವನ್ನು ನಂಬಿ ಬಾಳಿದ ಸಂಸಾರಗಳು ಅಸಂಖ್ಯವಾಗಿರುವ ಈ ಊರಿನಲ್ಲಿ ಕುಳಿತು ಬುಧಿಸಾಗರ ಕೃಷ್ಣಪ್ಪ ಕುಂದರನ್ನರನ್ನು ನೆನೆಯುವುದು ಉಚಿತವೇ ಸರಿ. ಏಕೆಂದರೆ 1939ರಲ್ಲಿ ಮೂಲ್ಕಿಯಲ್ಲಿ ಜನಿಸಿ ಮುಂಬಯಿಯಲ್ಲಿ ಬೆಳೆದ ಆ ವಿಕೆಟ್ ಕೀಪರಿಗೆ, ಕ್ರಿಕೆಟ್ಟು ಅನ್ನವಿಕ್ಕದಿದ್ದ ಕಾಲದಲ್ಲಿ ಆಶ್ರಯವಿತ್ತುದು ರೈಲ್ವೆಯೇ.

ಕೈಗವಸು ತೊಟ್ಟವನ ವೃತ್ತಿಯಲ್ಲಿ ಒಂದು ಕಾಠಿಣ್ಯವುಂಟು: ತಂಡದಲ್ಲಿ ಅವನಿಗಿರುವುದು ಒಂದೇ ಸ್ಥಾನ. ಅಮೆರಿಕದ ಬೇಸ್‌ಬಾಲಿನಲ್ಲಿ, ಓಟಗಾರ ಬಂದು ಮುಟ್ಟುವ ಮುನ್ನವೇ ಸಂಗಡಿಗರೆಸೆದ ಚೆಂಡನ್ನು ಬೇಸಿನಿಂದ ಕಾಲು ಕೀಳದೆ ಹಿಡಿಯಬೇಕಾದ ಮೊದಲ ಬೇಸಿನ ಆಟಗಾರನ ಪಾಡೂ ಇದೇ. ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ 1925ರ ಜೂನ್ ತಿಂಗಳಲ್ಲಿ ವಾಲಿ ಪಿಪ್ ಬಿಟ್ಟ ಜಾಗದಲ್ಲಿ ನಿಂತ ಲೂ ಗೆಹ್ರಿಗ್, 1939ರಲ್ಲಿ ವ್ಯಾಧಿ ದೇಹವನ್ನು ಕುಗ್ಗಿಸುವವರೆಗೆ, ಸತತವಾಗಿ 2,130 ಪಂದ್ಯಗಳನ್ನಾಡಿದರು.

ಕುಂದರನ್ನರಿಗೆ ಅಂಥ ಭಾಗ್ಯ ಒದಗಲಿಲ್ಲ. 1960ರ ಜನವರಿಯಲ್ಲಿ, ರಣಜಿ ಪಂದ್ಯವೊಂದನ್ನೂ ಆಡದಿದ್ದ ಆ ತರುಣ, ಹಿರಿಯರಾದ ನರೇನ್ ತಮ್ಹಾಣೆಯವರಿಂದ ಎರವಲು ಪಡೆದ ಕೈಗವಸು ತೊಟ್ಟು, ಆಸ್ಟ್ರೇಲಿಯದ ವಿರುದ್ಧ ಮುಂಬಯಿ ಟೆಸ್ಟಿಗೆ ಇಳಿದರು. ಅನಂತರ ರೈಲ್ವೆಯ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಜಮ್ಮು-ಕಾಶ್ಮೀರದೆದುರು 205 ಹೊಡೆದರು. ಆದರೆ ಆ ದಶಕದಲ್ಲಿ ಅದೇ ಸ್ಥಾನಕ್ಕೆ ಫಾರೂಕ್ ಎಂಜಿನಿಯರ್ ಎಂಬ ಸಮರ್ಥರು ಇನ್ನೊಬ್ಬರಿದ್ದರು. 1964ರಲ್ಲಿ ಅವರು ಆಡಲಾಗದೆ ಹೋದಾಗ, ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಆರಂಭಕರಾಗಿ ಹೊರಟ ಕುಂದರನ್ ಮೊದಲ ದಿನದ ಸಂಜೆಗೆ 170ರಲ್ಲಿ ಅಜೇಯರಾಗಿದ್ದು, ಮರುದಿನ 192ಕ್ಕೆ ಔಟಾದರು. ದೆಹಲಿಯಲ್ಲಿ ಮತ್ತೊಂದು ಶತಕ. ಸರಣಿಯಲ್ಲಿ ಒಟ್ಟು 525 ಓಟಗಳು. ವಿಕೆಟ್ ಕೀಪರನೊಬ್ಬ ಒಂದು ಟೆಸ್ಟ್ ಸರಣಿಯಲ್ಲಿ ಐನೂರನ್ನು ದಾಟಿದ್ದು ಅದೇ ಮೊದಲು! ಇಷ್ಟಾದರೂ ಆ ಸ್ಥಾನ ಅವರಿಗೆ ಸ್ಥಿರವಾಗಲಿಲ್ಲವೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ನೋಯುತ್ತದೆ.

1967ರ ಬರ್ಮಿಂಗ್‌ಹ್ಯಾಮ್ ಟೆಸ್ಟಿನಲ್ಲಿ, ವೇಗದ ಬೌಲರುಗಳ ಅಭಾವದಿಂದ, ಎಂಜಿನಿಯರ್ ಗೂಟಗಳ ಹಿಂದೆ ನಿಂತಿರಲು ಕುಂದರನ್ನರು ಹೊಸ ಚೆಂಡು ಹಿಡಿದು ಬೌಲಿಂಗ್ ಆರಂಭಿಸಿದರು. ಅದೇ ಅವರ ಹದಿನೆಂಟನೆಯ ಹಾಗೂ ಕಡೆಯ ಟೆಸ್ಟು. ಮುಂದೆ ಮೈಸೂರಿನ ಪರವಾಗಿಯೂ ಆಡಿ, ಕೊನೆಗೆ ಸ್ಕಾಟ್ಲೆಂಡಿನ ಡ್ರಂಪೆಲ್ಲಿಯರ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರರಾಗಿ ನೆಲಸಿ, 1980ರ ದಶಕದ ಆರಂಭದಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಸ್ಕಾಟ್ಲೆಂಡ್ ತಂಡದಲ್ಲಿಯೂ ಸ್ಥಾನ ಪಡೆದರು.